ಸಂಘದ ಮಿಕ್ಸರ್, ಮನೆಯ ಲ್ಯಾಪ್‌ಟಾಪ್, ಅಜ್ಜಿಯ ಹಸೆಹಾಡು

ಹೊರನಾಡಿನ ಯಾವ ಊರಿಗೆ ಹೋದರೂ ಅಲ್ಲಿನ ಕನ್ನಡಿಗರ ಗುಂಪಿನ ಹತ್ತಿರ ಒಂದು ಮಿಕ್ಸರ್ ಇದ್ದೇ ಇರುತ್ತದೆ. ಚಟ್ನಿ ರುಬ್ಬುವ ಮಿಕ್ಸರ್ ಅಲ್ಲ, ನಾಲ್ಕಾರು ಮೈಕುಗಳ ದನಿಯನ್ನು ಒಟ್ಟುಗೂಡಿಸಿ ಸ್ಪೀಕರಿಗೆ ಕಳಿಸುವ ಮಿಕ್ಸರ್. ರಾಜ್ಯೋತ್ಸವಕ್ಕೆ, ಗಣೇಶನ ಹಬ್ಬಕ್ಕೆ, ಯುಗಾದಿಗೆ ಅದು ಹೊರಬರುತ್ತದೆ. ವರ್ಷದ ಉಳಿದ ದಿನವೆಲ್ಲ ಖಜಾಂಚಿಯ ಮನೆಯ ಕಪಾಟಿನಲ್ಲಿ ಹಳೆಯ ಬ್ಯಾನರುಗಳ ಕೆಳಗೆ ಮಲಗಿರುತ್ತದೆ.

ಅದೇ ಗುಂಪಿನಲ್ಲಿ ಹಾಡು ಬಲ್ಲ ಒಬ್ಬರೋ ಇಬ್ಬರೋ ಹಿರಿಯರೂ ಇರುತ್ತಾರೆ. ಆರತಿ ಹಾಡು, ಹಸೆಹಾಡು, ಉರುಟಣೆ ಹಾಡು, ಬೀಗರನ್ನು ಹೀಯಾಳಿಸುವ ಹಾಡು ಎಲ್ಲ ಅವರಿಗೆ ಬಾಯಿಪಾಠ. ಕೆಲವರು ಪದಗಳನ್ನು ನೋಟುಬುಕ್ಕಿನಲ್ಲಿ ಬರೆದಿಟ್ಟಿರುತ್ತಾರೆ, ಆದರೆ ಧಾಟಿಯನ್ನು ನೋಟುಬುಕ್ಕಿನಲ್ಲಿ ಬರೆಯಲಾಗುವುದಿಲ್ಲ. ಅವರ ದನಿ ಇರುವಷ್ಟು ದಿನ ಧಾಟಿ ಇರುತ್ತದೆ, ಅಷ್ಟೇ.

ಕಪಾಟಿನ ಮಿಕ್ಸರನ್ನೂ ಮನೆಯ ಲ್ಯಾಪ್‌ಟಾಪನ್ನೂ ಒಂದು ವಯರಿನಿಂದ ಸೇರಿಸಿದರೆ ಆ ದನಿಯನ್ನು ಚೆನ್ನಾಗಿ ಹಿಡಿದಿಡಬಹುದು ಎಂದು ಹೇಳುವುದಕ್ಕೆ ಈ ಬರಹ. "ಫೋನಿನಲ್ಲೇ ರೆಕಾರ್ಡ್ ಮಾಡಬಹುದಲ್ಲ?" ಎಂದು ನೀವು ಕೇಳಬಹುದು. ಮಾಡಬಹುದು, ಏನೂ ಇಲ್ಲದಿರುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ ಫೋನು ಮಾತಿಗೆಂದು ಮಾಡಿದ ಸಾಧನ. ಹಾಡುವವರು ದನಿ ತಗ್ಗಿಸಿದರೆ ಅದು ತಾನಾಗಿ ಮಟ್ಟ ಏರಿಸಿಕೊಂಡು ಫ್ಯಾನಿನ ಸದ್ದನ್ನೂ ಎತ್ತಿಕೊಡುತ್ತದೆ, ದನಿ ಏರಿಸಿದರೆ ತಾನೇ ಅದುಮುತ್ತದೆ. ಆಮೇಲೆ ವಾಟ್ಸಾಪಿನಲ್ಲಿ ಕಳಿಸುವಾಗ ಇನ್ನೊಮ್ಮೆ ಹಿಂಡಿಹೋಗುತ್ತದೆ. ಐವತ್ತು ವರ್ಷ ಉಳಿಯಬೇಕಾದ್ದಕ್ಕೆ ಇದು ಸಾಲದು.

ಲಾಲ್ ದೀಘಿಯ ಆಸುಪಾಸು

ನನ್ನ ಕಚೇರಿ ಇರುವುದು ಕೋಲ್ಕತಾದ ಬಿಬಿಡಿ ಬಾಗ್‌ನಲ್ಲಿ. ಹಳಬರು ಈಗಲೂ ಡಾಲ್‌ಹೌಸಿ ಎಂದೇ ಕರೆಯುತ್ತಾರೆ. 1930ರ ಡಿಸೆಂಬರ್ 8ರಂದು ರೈಟರ್ಸ್ ಬಿಲ್ಡಿಂಗಿಗೆ ನುಗ್ಗಿದ ಬಿನಯ್, ಬಾದಲ್, ದಿನೇಶ್ ಎಂಬ ಮೂವರು ತರುಣರ ಹೆಸರಿನ ಮೊದಲಕ್ಷರಗಳೇ ಈಗಿನ ಬಿಬಿಡಿ. ನಡುವೆ ಲಾಲ್ ದೀಘಿ ಎಂಬ ಕೆರೆ, ಸುತ್ತ ಬ್ಯಾಂಕುಗಳು, ಜಿಪಿಒದ ಬಿಳಿ ಗುಮ್ಮಟ. ಸಾಫ್ಟ್‌ವೇರಿನವರೆಲ್ಲ ಸಾಲ್ಟ್ ಲೇಕ್ ಕಡೆ ಇರುವಾಗ ನಾನು ಬ್ಯಾಂಕಿಂಗ್ ತಂತ್ರಾಂಶದ ದೆಸೆಯಿಂದ ಈ ಹಳೆಯ ಚೌಕಕ್ಕೆ ಬಂದವನು.

ಹಾಡು ಮುದ್ರಿಸುವ ಹುಚ್ಚಿರುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಲಾಲ್‌ಬಜಾರ್ ಪೊಲೀಸ್ ಕೇಂದ್ರ ಕಚೇರಿಯ ಪಕ್ಕದಲ್ಲಿ ರವೀಂದ್ರ ಸರಣಿಗೆ ತಿರುಗಿದರೆ ಹಾರ್ಮೋನಿಯಂ, ತಬಲ, ಎಸ್ರಾಜ್, ಗಿಟಾರುಗಳ ಅಂಗಡಿಗಳು. ಇನ್ನೊಂದು ಕಡೆ ಬೆಂಟಿಂಕ್ ಸ್ಟ್ರೀಟ್ ದಾಟಿ ನಡೆದರೆ ಚಾಂದನಿ ಮಾರ್ಕೆಟ್. ಅಲ್ಲಿ ಸಿಗದ ವಯರಿಲ್ಲ, ಪಿನ್ನಿಲ್ಲ. ಊಟದ ವಿರಾಮದಲ್ಲಿ ಹೋಗಿ ಬರಬಹುದು.

ಇನ್ನೂ ಹಳೆಯ ಕಥೆಯೊಂದಿದೆ. 1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಇದೇ ಊರಿನ ಹೋಟೆಲೊಂದರ ಕೋಣೆಗಳನ್ನು ತಾತ್ಕಾಲಿಕ ಸ್ಟುಡಿಯೋ ಮಾಡಿಕೊಂಡು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿದ. ಮೈಕೂ ಇಲ್ಲ, ಕರೆಂಟೂ ಇಲ್ಲ. ದೊಡ್ಡ ಕಹಳೆಯ ಬಾಯೊಳಗೆ ಹಾಡಬೇಕು, ದನಿಯ ಒತ್ತಡಕ್ಕೇ ಮುಳ್ಳು ಅಲುಗಿ ಮೇಣದ ಮೇಲೆ ಗೆರೆ ಕೊರೆಯಬೇಕು. ಇದ್ದ ಸಮಯ ಮೂರು ನಿಮಿಷದ ಆಸುಪಾಸು. ಮುದ್ರಣ ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಯಾಗಿ ಮರಳುತ್ತಿತ್ತು. ಹಾಡಿನ ಕೊನೆಯಲ್ಲಿ ಗೌಹರ್ ಜಾನ್ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ದೂರದ ಕಾರ್ಖಾನೆಯವರಿಗೆ ಇದು ಯಾರ ದನಿ ಎಂದು ಗೊತ್ತಾಗಲಿ ಎಂಬ ಕಾರಣಕ್ಕೆ ಎನ್ನುತ್ತಾರೆ.

ಈ ಕಥೆಯ ಕೊನೆ ನಮ್ಮೂರಿನಲ್ಲಿದೆ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಗೌಹರ್ ಜಾನ್ ಅವರನ್ನು ಅರಮನೆಯ ಸಂಗೀತಗಾರ್ತಿಯಾಗಿ ನೇಮಿಸಿಕೊಂಡರು. 1930ರ ಜನವರಿ 17ರಂದು ಅವರು ಮೈಸೂರಿನಲ್ಲೇ ತೀರಿಕೊಂಡರು. ಕೋಲ್ಕತಾದಲ್ಲಿ ಮುದ್ರಣವಾದ ಆ ದನಿಯನ್ನು ಇಂದೂ ಯಾರು ಬೇಕಾದರೂ ಕೇಳಬಹುದು. ಅದೇ ಕಾಲದಲ್ಲಿ ಮೈಸೂರು, ಮಲೆನಾಡಿನ ಮದುವೆಮನೆಗಳಲ್ಲಿ ಹಾಡಿದ ಸಾವಿರಾರು ಹೆಂಗಸರ ದನಿ ಎಲ್ಲೂ ಉಳಿದಿಲ್ಲ.

ಮೊದಲು ಮಿಕ್ಸರಿನ ಹಿಂಬದಿ ನೋಡಿ

ಈಗ ಕೆಲಸಕ್ಕೆ ಬರೋಣ. ಮಿಕ್ಸರಿಗೆ ಒಳಬರುವ ತೂತುಗಳು ಎಲ್ಲರಿಗೂ ಗೊತ್ತು, ನಮಗೆ ಬೇಕಾದ್ದು ಹೊರಹೋಗುವವು. ಸಾಮಾನ್ಯವಾಗಿ ಹೀಗಿರುತ್ತವೆ:

ಮೇನ್ ಔಟ್: ಎಡ, ಬಲ ಎಂದು ಎರಡು. ಸ್ಪೀಕರಿಗೆ ಹೋಗುವುದು ಇದೇ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇರಬಹುದು, ಇಲ್ಲವೇ ಅಂಗಡಿಯವರು 'ಪಿ-38' ಎನ್ನುವ ದಪ್ಪ 6.35 ಮಿಮೀ ಜ್ಯಾಕ್ ಇರಬಹುದು.

ರೆಕ್ ಔಟ್ ಅಥವಾ ಟೇಪ್ ಔಟ್: ಕೆಂಪು-ಬಿಳಿ ಆರ್‌ಸಿಎ ಜೋಡಿ. ಕ್ಯಾಸೆಟ್ ಡೆಕ್ಕಿನ ಕಾಲದ್ದು. ಇದರ ಮಟ್ಟ ಮನೆಬಳಕೆಯ ಸಲಕರಣೆಗೆ ಹೊಂದುವಂಥದ್ದು, ಹಾಗಾಗಿ ನಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಯುಎಸ್‌ಬಿ: ಈಚಿನ ಮಿಕ್ಸರುಗಳಲ್ಲಿ ಇರುತ್ತದೆ. ಆದರೆ ಎಲ್ಲ ಯುಎಸ್‌ಬಿ ತೂತೂ ಒಂದೇ ಅಲ್ಲ. ಪೆನ್‌ಡ್ರೈವ್ ಸಿಕ್ಕಿಸಿ ಹಾಡು ನುಡಿಸುವುದಕ್ಕಷ್ಟೇ ಇರುವ ಚಪ್ಪಟೆ ತೂತು ಬೇರೆ, ಕಂಪ್ಯೂಟರಿಗೆ ಜೋಡಿಸುವುದು ಬೇರೆ. ಕಂಪ್ಯೂಟರಿನದು ಹೆಚ್ಚಾಗಿ ಪ್ರಿಂಟರಿನ ಹಿಂದೆ ಇರುವಂಥ ಚೌಕ ತೂತು.

ಕಂಪ್ಯೂಟರಿಗೆ ಸೇರುವ ಯುಎಸ್‌ಬಿ ನಿಮ್ಮ ಮಿಕ್ಸರಿನಲ್ಲಿದ್ದರೆ ಅರ್ಧ ಕೆಲಸ ಮುಗಿಯಿತು. ವಯರು ಸಿಕ್ಕಿಸಿ, ರೆಕಾರ್ಡಿಂಗ್ ತಂತ್ರಾಂಶದಲ್ಲಿ ಇನ್‌ಪುಟ್ ಎಂದು ಅದನ್ನು ಆರಿಸಿಕೊಳ್ಳಿ. ಒಂದು ಮಾತು ನೆನಪಿರಲಿ: ಹನ್ನೆರಡು ಚಾನಲ್ಲಿನ ಮಿಕ್ಸರ್ ಎಂದ ಮಾತ್ರಕ್ಕೆ ಹನ್ನೆರಡು ಟ್ರ್ಯಾಕು ಕಂಪ್ಯೂಟರಿಗೆ ಬರುವುದಿಲ್ಲ. ಸಣ್ಣ ಮಿಕ್ಸರುಗಳಲ್ಲಿ ಬಹುಪಾಲು ಎಲ್ಲ ಚಾನಲ್ಲನ್ನೂ ಕಲಸಿ ಎಡ-ಬಲ ಎರಡೇ ಟ್ರ್ಯಾಕು ಕಳಿಸುತ್ತವೆ. ಬೇರೆಬೇರೆ ಟ್ರ್ಯಾಕು ಬೇಕಾದರೆ ಕೊಳ್ಳುವಾಗಲೇ 'ಮಲ್ಟಿಟ್ರ್ಯಾಕ್ ಯುಎಸ್‌ಬಿ' ಎಂದು ಕೇಳಬೇಕು.

ಲ್ಯಾಪ್‌ಟಾಪಿನ ಆ ಒಂದೇ ತೂತು

ಯುಎಸ್‌ಬಿ ಇಲ್ಲದ ಹಳೆಯ ಮಿಕ್ಸರಿನಲ್ಲಿ ತೊಡಕು ಶುರುವಾಗುವುದು ಇಲ್ಲೇ. ಡೆಸ್ಕ್‌ಟಾಪ್ ಆದರೆ ಹಿಂದೆ ನೀಲಿ ಬಣ್ಣದ ಲೈನ್-ಇನ್ ಇರುತ್ತದೆ. ರೆಕ್ ಔಟಿನ ಎರಡು ಆರ್‌ಸಿಎಯಿಂದ ಒಂದು 3.5 ಮಿಮೀ ಸ್ಟೀರಿಯೋ ಪಿನ್ನಿಗೆ ಬರುವ ವಯರು ಸಾಕು. ಅಂಗಡಿಯಲ್ಲಿ ಆ ಸಣ್ಣ ಪಿನ್ನಿಗೆ 'ಇಪಿ' ಎನ್ನುತ್ತಾರೆ. ಚಾಂದನಿಯಲ್ಲಿ "ದಾದಾ, ಸ್ಟೀರಿಯೋ ನಾ ಮೋನೋ?" ಎಂದು ಕೇಳಿಯೇ ಕೊಡುತ್ತಾರೆ. ಸ್ಟೀರಿಯೋ ಎನ್ನಿ.

ಲ್ಯಾಪ್‌ಟಾಪಿನಲ್ಲಿ ಇರುವುದು ಹೆಡ್‌ಫೋನಿಗೂ ಮೈಕಿಗೂ ಸೇರಿ ಒಂದೇ ತೂತು. ಅದರ ಮೈಕ್ ದಾರಿ ಮೋನೋ, ಅಂದರೆ ಎಡ-ಬಲ ಬೇರೆಯಿಲ್ಲ. ಮೇಲಾಗಿ ಅದು ನಿರೀಕ್ಷಿಸುವುದು ಕೆಲವೇ ಮಿಲಿವೋಲ್ಟನ್ನು. ಮಿಕ್ಸರಿನ ರೆಕ್ ಔಟ್ ಕೊಡುವುದು ಸುಮಾರು 0.3 ವೋಲ್ಟ್, ಮೇನ್ ಔಟ್ ಕೊಡುವುದು 1.2 ವೋಲ್ಟಿನ ಹತ್ತಿರ. ಲೋಟಕ್ಕೆ ಕೊಡಪಾನದ ನೀರು ಸುರಿದ ಹಾಗಾಗುತ್ತದೆ, ದನಿ ಒಡೆದು ಕರ್ಕಶವಾಗುತ್ತದೆ.

ಇದಕ್ಕೆ ದಾರಿ ಆಡಿಯೋ ಇಂಟರ್‌ಫೇಸ್ ಎಂಬ ಪುಟ್ಟ ಪೆಟ್ಟಿಗೆ. ಒಂದು ಕಡೆ ಮಿಕ್ಸರಿನ ದನಿ ತಗೊಂಡು ಇನ್ನೊಂದು ಕಡೆ ಯುಎಸ್‌ಬಿಯಲ್ಲಿ ಅಂಕಿಗಳಾಗಿ ಕೊಡುತ್ತದೆ. ರೆಕ್ ಔಟಿಗೆ ನೇರವಾಗಿ ಹೊಂದುವ, ಆರ್‌ಸಿಎ ತೂತುಗಳೇ ಇರುವ ಬೆರಿಂಜರ್ ಯುಸಿಎ 222ರಂಥ ಅಂಗೈ ಅಗಲದ್ದೂ ಇವೆ. ಮೈಕನ್ನೇ ನೇರ ಸಿಕ್ಕಿಸಬಹುದಾದ ಫೋಕಸ್‌ರೈಟ್ ಸ್ಕಾರ್ಲೆಟ್‌ನಂಥವೂ ಇವೆ. ಎರಡನೆಯ ಬಗೆಯದನ್ನು ಕೊಂಡರೆ ಒಬ್ಬರೇ ಹಾಡುವಾಗ ಮಿಕ್ಸರೇ ಬೇಡ. ಮಿಕ್ಸರಿನಿಂದ ಅದಕ್ಕೆ ಜೋಡಿಸುವುದಾದರೆ ಪಿ-38 ವಯರಿನಲ್ಲಿ ಜೋಡಿಸಿ, ಪೆಟ್ಟಿಗೆಯ ಗುಂಡಿ 'ಇನ್‌ಸ್ಟ್' ಬದಲು 'ಲೈನ್' ಕಡೆ ಇರಲಿ.

ತಂತ್ರಾಂಶಕ್ಕೆ ದುಡ್ಡು ಬೇಕಿಲ್ಲ. ಆಡಾಸಿಟಿ ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ವಿಂಡೋಸಿನಲ್ಲಿ ಏನೂ ಕೇಳದಿದ್ದರೆ ಸೆಟ್ಟಿಂಗ್ಸ್‌ನ ಪ್ರೈವಸಿ ವಿಭಾಗದಲ್ಲಿ ಮೈಕ್ರೊಫೋನಿಗೆ ಅನುಮತಿ ಇದೆಯೇ ನೋಡಿ. ಸೌಂಡ್ ಸೆಟ್ಟಿಂಗಿನಲ್ಲಿ 'ಎನ್‌ಹ್ಯಾನ್ಸ್‌ಮೆಂಟ್' ಎಂದು ಕಾಣುವುದನ್ನೆಲ್ಲ ಆರಿಸಿ. ಅವು ವಿಡಿಯೋ ಕರೆಗೆ ಸರಿ, ಹಾಡಿಗಲ್ಲ.

ಎರಡು ಮೈಕು, ಎರಡು ಟ್ರ್ಯಾಕು

ಎರಡೇ ಟ್ರ್ಯಾಕು ಬರುತ್ತದೆ ಎಂದು ಬೇಸರಪಡಬೇಕಿಲ್ಲ, ಅದರಲ್ಲೇ ಒಂದು ಉಪಾಯವಿದೆ. ಮೊದಲ ಮೈಕಿನ ಪ್ಯಾನ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಎರಡನೆಯದನ್ನು ಪೂರ್ತಿ ಬಲಕ್ಕೆ. ಸ್ಟೀರಿಯೋದಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಆಡಾಸಿಟಿಯಲ್ಲಿ ಸ್ಟೀರಿಯೋ ಟ್ರ್ಯಾಕನ್ನು ಎರಡು ಮೋನೋ ಆಗಿ ಸೀಳಿದರೆ ಎರಡು ದನಿಯೂ ಬೇರೆಬೇರೆ ಸಿಗುತ್ತವೆ. ಒಬ್ಬರದು ಏರಿಸಿ, ಇನ್ನೊಬ್ಬರದು ತಗ್ಗಿಸಬಹುದು.

ಸೋಬಾನೆ, ಹಸೆಹಾಡುಗಳಿಗೆ ಈ ಉಪಾಯ ಬಹಳ ಒದಗುತ್ತದೆ. ಅವು ಒಬ್ಬರೇ ಹಾಡುವ ಹಾಡಲ್ಲ. ಒಬ್ಬರು ಹೇಳಿಕೊಡುವುದು, ಇನ್ನೊಬ್ಬರು ಎತ್ತಿಕೊಳ್ಳುವುದು. ಮುಂದಿನವರ ಕೊನೆಯ ಸ್ವರ ನಿಲ್ಲುವ ಮುಂಚೆಯೇ ಹಿಂದಿನವರು ಶುರುಮಾಡಿರುತ್ತಾರೆ. ಅವರು ಉಸಿರು ತೆಗೆದುಕೊಳ್ಳುವುದು ಆ ಜಾಗದಲ್ಲೇ.

ಇನ್ನೆರಡು ಸೂಚನೆ. ಮಿಕ್ಸರಿನ ಎಕೋ, ರಿವರ್ಬ್ ಪೂರ್ತಿ ಆಫ್ ಇರಲಿ. ಆಮೇಲೆ ಬೇಕಾದರೆ ಸೇರಿಸಬಹುದು, ಒಮ್ಮೆ ಸೇರಿದ್ದನ್ನು ತೆಗೆಯಲಾಗದು. ಬಾಸ್, ಟ್ರೆಬಲ್ ಗುಂಡಿಗಳು ನಡುವೆ ಇರಲಿ. 'ಲೋ ಕಟ್' ಗುಂಡಿ ಇದ್ದರೆ ಒತ್ತಿ, ಬಸ್ಸು-ಲಾರಿಯ ಗುಡುಗು ಅಷ್ಟು ಕಡಿಮೆಯಾಗುತ್ತದೆ.

ಮಟ್ಟ, ಗುಂಯ್, ಮರುದನಿ

ಮಟ್ಟ ಹೊಂದಿಸುವ ಕ್ರಮ ಸುಲಭ. ಚಾನಲ್ ಫೇಡರನ್ನೂ ಮೇನ್ ಫೇಡರನ್ನೂ ಸೊನ್ನೆಯ ಗೆರೆಗೆ ತನ್ನಿ. ಹಾಡುವವರು ತಮ್ಮ ಗಟ್ಟಿಯಾದ ಸಾಲನ್ನು ಹಾಡಲಿ. ಕೆಂಪು ದೀಪ ಹೊತ್ತದಂತೆ ಮೇಲಿನ ಗೇನ್ ಗುಂಡಿಯಲ್ಲಿ ಹೊಂದಿಸಿ. ಕಂಪ್ಯೂಟರಿನ ಮೀಟರಿನಲ್ಲಿ ಅತಿ ಎತ್ತರದ ಏರು ಮೈನಸ್ 12ರಿಂದ ಮೈನಸ್ 6ರ ನಡುವೆ ಇರಲಿ. ಸೊನ್ನೆ ಮುಟ್ಟಿದರೆ ಆ ಕ್ಷಣದ ದನಿ ಕತ್ತರಿಸಿಹೋಯಿತೆಂದೇ ಅರ್ಥ. ಕಡಿಮೆಯಾದರೆ ಆಮೇಲೆ ಏರಿಸಬಹುದು, ಒಡೆದರೆ ಕೂಡಿಸಲಾಗದು. ಸಾಧನ ಕೊಡುವುದಾದರೆ 48 ಕಿಲೋಹರ್ಟ್ಸ್, 24 ಬಿಟ್ ಆರಿಸಿ. ಎರಡು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 17 ಎಂಬಿ, ತಾಸಿಗೆ ಒಂದು ಜಿಬಿ. ಇಂದಿನ ಡಿಸ್ಕುಗಳಿಗೆ ಅದೊಂದು ಲೆಕ್ಕವೇ ಅಲ್ಲ.

ಜೋಡಿಸಿದ ಕೂಡಲೇ 'ಗುಂಯ್' ಎಂಬ ಸದ್ದು ಬಂದರೆ ಅದು ನಮ್ಮ ಕರೆಂಟಿನ 50 ಹರ್ಟ್ಸ್. ಮಿಕ್ಸರ್ ಒಂದು ಗೋಡೆಯಿಂದ, ಲ್ಯಾಪ್‌ಟಾಪ್ ಇನ್ನೊಂದು ಗೋಡೆಯಿಂದ ಕರೆಂಟು ತಗೊಂಡಾಗ ಎರಡರ ಅರ್ಥಿಂಗಿನ ನಡುವೆ ವಯರಿನ ಮೂಲಕ ಸಣ್ಣ ಪ್ರವಾಹ ಹರಿಯುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ, ಸದ್ದು ನಿಂತರೆ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ. ಅದಕ್ಕೂ ಜಗ್ಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಚಿಕ್ಕ ಟ್ರಾನ್ಸ್‌ಫಾರ್ಮರ್ ಡಬ್ಬಿ ನಡುವೆ ಹಾಕಬಹುದು. ಪ್ಲಗ್ಗಿನ ಮೂರನೆಯ ಪಿನ್ನು ಮುರಿಯುವ ಸಲಹೆಯನ್ನು ಮಾತ್ರ ಯಾರು ಕೊಟ್ಟರೂ ಕೇಳಬೇಡಿ. ಆ ಪಿನ್ನು ಇರುವುದು ಮೈಕು ಹಿಡಿದವರ ಜೀವ ಕಾಯಲಿಕ್ಕೆ.

ಇನ್ನೊಂದು ಕಾಟ ಮರುದನಿ. ಕಂಪ್ಯೂಟರಿಂದ ಹೊರಬರುವ ದನಿ ಮತ್ತೆ ಮಿಕ್ಸರಿಗೆ ಸೇರಿ, ಅಲ್ಲಿಂದ ಮತ್ತೆ ಕಂಪ್ಯೂಟರಿಗೆ ಹೋಗಿ ಸುತ್ತುತ್ತದೆ. ತಂತ್ರಾಂಶದಲ್ಲಿ ಮಾನಿಟರಿಂಗ್ ಆರಿಸಿ, ಹೆಡ್‌ಫೋನನ್ನು ಮಿಕ್ಸರಿಗೇ ಸಿಕ್ಕಿಸಿ ಕೇಳಿದರೆ ತೀರಿತು. ತಡವಾಗಿ ಕೇಳುವ ತೊಂದರೆಯೂ ಅದರಲ್ಲೇ ಹೋಗುತ್ತದೆ. ಕಂಪ್ಯೂಟರ್ ದನಿಯನ್ನು ತುಂಡುತುಂಡಾಗಿ ತಗೊಳ್ಳುತ್ತದೆ. 48 ಕಿಲೋಹರ್ಟ್ಸಿನಲ್ಲಿ 1024 ಮಾದರಿಗಳ ಒಂದು ತುಂಡಿಗೇ 21 ಮಿಲಿಸೆಕೆಂಡು ಬೇಕು, ಹೋಗಿ ಬರುವಷ್ಟರಲ್ಲಿ ಅದು ಇಮ್ಮಡಿ. ತನ್ನ ದನಿ ತನಗೇ ತಡವಾಗಿ ಕೇಳಿದರೆ ಎಂಥ ಹಾಡುಗಾರರಿಗೂ ತಾಳ ತಪ್ಪುತ್ತದೆ.

ಕೋಣೆಯೂ ಒಂದು ಸಲಕರಣೆ

ಗುಂಪಿನ ಮೈಕುಗಳು ಹೆಚ್ಚಾಗಿ ಶೂರ್ ಎಸ್‌ಎಂ58 ಮಾದರಿಯ ಡೈನಮಿಕ್ ಮೈಕುಗಳು. ಮನೆಯಲ್ಲಿ ಅವೇ ಒಳ್ಳೆಯದು. ಕಂಡೆನ್ಸರ್ ಮೈಕು ಪಕ್ಕದ ಮನೆಯ ಕುಕ್ಕರನ್ನೂ ಕೇಳಿಸಿಕೊಳ್ಳುತ್ತದೆ, ಅದಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇರೆ ಬೇಕು. ಡೈನಮಿಕ್ ಮೈಕು ತನ್ನ ಮುಂದಿದ್ದದ್ದನ್ನಷ್ಟೇ ಹೆಚ್ಚು ಹಿಡಿಯುತ್ತದೆ. ನಾಲ್ಕು ಬೆರಳಿನ ಅಂತರದಲ್ಲಿ, ಸ್ಟ್ಯಾಂಡಿನ ಮೇಲೆ, ಬಾಯಿಂದ ಕೊಂಚ ಪಕ್ಕಕ್ಕೆ ಇರಲಿ.

ಖಾಲಿ ಗೋಡೆಯ ಹಜಾರಕ್ಕಿಂತ ಹಾಸಿಗೆ, ಬಟ್ಟೆಬರೆ ತುಂಬಿದ ಮಲಗುವ ಕೋಣೆ ವಾಸಿ. ಸೀರೆಯ ಕಪಾಟಿನ ಬಾಗಿಲು ತೆರೆದಿಟ್ಟು ಅದರತ್ತ ಮುಖಮಾಡಿ ಹಾಡಿಸಿದರೆ ಪ್ರತಿಧ್ವನಿ ಎಷ್ಟೋ ಇಳಿಯುತ್ತದೆ. ಫ್ಯಾನು, ಏಸಿ, ಫ್ರಿಜ್ ಆಫ್. ಹಾಗಾಗಿ ಕೋಲ್ಕತಾದ ಸೆಖೆಯಲ್ಲಿ ಹಾಡಿಗೆ ಸಿಗುವುದು ಬೆಳಗಿನ ಐದೂವರೆಯಿಂದ ಏಳರವರೆಗಿನ ಹೊತ್ತು ಮಾತ್ರ. ಆಮೇಲೆ ಕಾಗೆ, ಮೀನಿನವರು, ಬಸ್ಸಿನ ಕಂಡಕ್ಟರುಗಳ ರಾಜ್ಯ.

ಲೇಕ್ ಮಾರ್ಕೆಟ್ ಕಡೆಯ ಐದು ಭಾನುವಾರ

ಇವನ್ನೆಲ್ಲ ನಾನು ಬಳಸಿದ್ದು ನಮ್ಮ ಗುಂಪಿನ ಹಿರಿಯಜ್ಜಿಯೊಬ್ಬರ ಮನೆಯಲ್ಲಿ. ದಕ್ಷಿಣ ಭಾರತದವರು ಹೆಚ್ಚಾಗಿರುವ ಲೇಕ್ ಮಾರ್ಕೆಟ್ ಹತ್ತಿರ ಅವರ ಮನೆ. ತೀರ್ಥಹಳ್ಳಿ ಕಡೆಯವರು, ವಯಸ್ಸು ಎಂಬತ್ತು ದಾಟಿದೆ. ನೋಟುಬುಕ್ಕಿನ ಪಟ್ಟಿಯಲ್ಲಿ 46 ಹಾಡುಗಳು. ಹೋದ ಚಳಿಗಾಲ ನ್ಯುಮೋನಿಯಾ ಬಂದು ಹೋದ ಮೇಲೆ ಉಸಿರು ಮೊದಲಿನಂತಿಲ್ಲ. ಒಂದು ಸಲಕ್ಕೆ ಆರೇಳು ಹಾಡಿಗಿಂತ ಹೆಚ್ಚು ಬೇಡ ಎಂದು ವೈದ್ಯರ ಮಾತು.

ವಯರುಗಳನ್ನು ಹರಡುತ್ತಿದ್ದ ನನ್ನನ್ನು ನೋಡಿ ಅವರು, "ಎಂತಕ್ಕೆ ಇಷ್ಟೆಲ್ಲ ವಯರು ಮಾರಾಯ? ನಮ್ಮ ಮದುವೆಮನೇಲಿ ಮೈಕೇ ಇರ್ಲಿಲ್ಲ. ಅಂಗಳದಾಚೆಗೂ ಕೇಳ್ತಿತ್ತು" ಎಂದರು.

"ಆಗ ಕೇಳೋರೆಲ್ಲ ಅಂಗಳದಲ್ಲೇ ಇದ್ರಲ್ಲ ಅಜ್ಜಿ. ಈಗ ನಿಮ್ಮ ಮೊಮ್ಮಗಳು ಟೊರೊಂಟೋದಲ್ಲಿ ಕೂತು ಕೇಳ್ಬೇಕು" ಎಂದೆ.

ನಿಜವಾದ ತೊಡಕು ವಯರಿನದಾಗಿರಲಿಲ್ಲ. "ಎತ್ತಿಕೊಂಡು ಹೇಳೋರು ಇಲ್ದೆ ನಾ ಹೆಂಗೆ ಹೇಳ್ಲಿ?" ಎಂದು ಅವರು ಕೇಳಿದರು. ಜೊತೆ ಹಾಡುತ್ತಿದ್ದ ಅವರ ಓರಗಿತ್ತಿ ಊರಲ್ಲಿ ತೀರಿಕೊಂಡು ಬಹಳ ವರ್ಷವಾಗಿದೆ. ಕೊನೆಗೆ ಎರಡನೆಯ ಮೈಕಿನ ಮುಂದೆ ಕೂತವರು ಅವರ ಬಂಗಾಳಿ ಸೊಸೆ. ಅತ್ತೆಯನ್ನು 'ಮಾ' ಎಂದೇ ಕರೆಯುವ ಆಕೆ ಹಾಡಿನ ಸಾಲುಗಳನ್ನು ಬಂಗಾಳಿ ಲಿಪಿಯಲ್ಲಿ ಬರೆದುಕೊಂಡು ಬಂದಿದ್ದರು. 'ಹಸೆ' ಎಂಬುದು ಅವರ ಬಾಯಲ್ಲಿ 'ಹೊಸೆ' ಆಗುತ್ತದೆ. ಅಜ್ಜಿ ಎರಡು ಸಲ ತಿದ್ದಿ, ಮೂರನೆಯ ಸಲ ಸುಮ್ಮನಾದರು. ಆದರೆ ಧಾಟಿ ಮಾತ್ರ ಒಂದಿಷ್ಟೂ ಆಚೀಚೆಯಾಗಲಿಲ್ಲ. ಇಪ್ಪತ್ತೆಂಟು ವರ್ಷ ಅಡುಗೆಮನೆಯಲ್ಲಿ ಕೇಳಿದ ಧಾಟಿ ಅದು.

ಎಡ ಟ್ರ್ಯಾಕಿನಲ್ಲಿ ಅತ್ತೆ, ಬಲ ಟ್ರ್ಯಾಕಿನಲ್ಲಿ ಸೊಸೆ. ಐದು ಭಾನುವಾರಗಳಲ್ಲಿ 31 ಹಾಡು ಮುಗಿದಿವೆ, ಇನ್ನು 15 ಬಾಕಿ. ಸದ್ಯ ಅಜ್ಜಿಗೆ ಮಾತಾಡಿದರೂ ಕೆಮ್ಮು ಬರುತ್ತಿದೆ. ಮಳೆ ಕಳೆಯಲಿ ಎಂದು ಕಾಯುತ್ತಿದ್ದೇವೆ.

ಹೆಸರು ಹೇಳಿಸಿ, ಊರು ಹೇಳಿಸಿ

ರೆಕಾರ್ಡ್ ಗುಂಡಿ ಒತ್ತಿದ ಮೇಲೆ ಮೊದಲ ಕೆಲಸ ಹಾಡಲ್ಲ. ಹಾಡುವವರು ತಮ್ಮ ಹೆಸರು, ಊರು, ಹಾಡಿನ ಸಂದರ್ಭ, ಯಾರಿಂದ ಕಲಿತದ್ದು, ಅಂದಿನ ತಾರೀಖು ಇಷ್ಟನ್ನು ತಮ್ಮ ಬಾಯಿಂದಲೇ ಹೇಳಲಿ. ಗೌಹರ್ ಜಾನ್ ಹೆಸರು ಹೇಳಿದ ಕಾರಣವೇ ಇಲ್ಲಿಯೂ. ಫೈಲಿನ ಹೆಸರು ಬದಲಾಗಬಹುದು, ಪಟ್ಟಿ ಕಳೆಯಬಹುದು, ದನಿಯ ಜೊತೆ ಸೇರಿದ ಹೆಸರು ಕಳೆಯುವುದಿಲ್ಲ.

ಇದರ ಬೆಲೆ ಗೊತ್ತಾಗಬೇಕಾದರೆ ಆರ್ನಾಲ್ಡ್ ಬಾಕೆ ಅವರ ಉದಾಹರಣೆ ನೋಡಿ. ಡಚ್ ಸಂಗೀತ ವಿದ್ವಾಂಸ, ಬಂಗಾಳದ ಶಾಂತಿನಿಕೇತನದಲ್ಲಿ ವರ್ಷಗಟ್ಟಲೆ ಇದ್ದವರು. 1938ರಲ್ಲಿ ದಕ್ಷಿಣಕ್ಕೆ ಬಂದು ತಮಿಳುನಾಡು, ಕೇರಳ, ಕರ್ನಾಟಕದ ಹಾಡು-ಕುಣಿತಗಳನ್ನು ಮುದ್ರಿಸಿದರು. 46 ವರ್ಷಗಳ ನಂತರ, 1984ರಲ್ಲಿ, ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಣಗಳ ಜಾಡು ಹಿಡಿದು ಮತ್ತೆ ಅಲ್ಲಿಗೆ ಬಂದು ಏನು ಉಳಿದಿದೆ, ಏನು ಬದಲಾಗಿದೆ ಎಂದು ಹುಡುಕಿದರು. ಎಲ್ಲಿಯದು, ಎಂದಿನದು ಎಂದು ಗೊತ್ತಿದ್ದರೆ ತಾನೆ ಮರಳಿ ಹೋಗಲು ಸಾಧ್ಯ?

ಫೈಲುಗಳನ್ನು ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಇಡಿ. ಎಂಪಿ3 ಹಂಚುವುದಕ್ಕಷ್ಟೇ ಇರಲಿ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ಬಂಧುವಿನ ಹತ್ತಿರ. ಯಾರ ಜೊತೆ ಹಂಚಬಹುದು, ಯಾರ ಜೊತೆ ಬೇಡ ಎಂಬುದನ್ನು ಹಾಡಿದವರನ್ನೇ ಕೇಳಿ. ಬೀಗರ ಹಾಡಿನಲ್ಲಿ ನಿಜವಾದ ಬೀಗರ ಹೆಸರೂ ಇರುತ್ತದೆ!

ನಿಮ್ಮ ಊರು ಮುಂಬಯಿಯೋ, ಪುಣೆಯೋ, ದೆಹಲಿಯೋ, ಗುಂಪಿನ ಖಜಾಂಚಿಗೆ ಒಂದು ಫೋನು ಮಾಡಿ ಮಿಕ್ಸರ್ ಯಾರ ಮನೆಯಲ್ಲಿದೆ ಕೇಳಿ. ಅದರ ಹಿಂಬದಿಯ ಚಿತ್ರ ತೆಗೆದು ಮೇಲಿನ ಪಟ್ಟಿಯ ಜೊತೆ ಹೋಲಿಸಿ, ಬೇಕಾದ ಒಂದು ವಯರು ತನ್ನಿ. ಹಾಡು ಬಲ್ಲ ಹಿರಿಯರಿಗೆ ಮುಂಚಿತವಾಗಿ ತಿಳಿಸಿ, ಅವರು ಪಟ್ಟಿ ಮಾಡಿಟ್ಟುಕೊಳ್ಳಲಿ. ಮೊದಲ ದಿನ ಎರಡೇ ಹಾಡಾದರೂ ಸಾಕು. ಹೋಗುವಾಗ ಬಿಸಿನೀರಿನ ಫ್ಲಾಸ್ಕ್ ಒಂದು ಜೊತೆಗಿರಲಿ, ಹಾಡುವವರಿಗೆ ಬೇಕಾಗುತ್ತದೆ.